ಜಾಲಗಾರನ ಮರಿಗೆ

ಹೊನ್ನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ಬೊಕ್ಕಸದ ಬಾಗಿಲಿನಿಂದಲೇ ಒಳಹೊಗುತ್ತಾರೆ. ನಮ್ಮ ಬಾದಾಮಿಯ ಸೀಮೆಯಲ್ಲಿ ಅಂಥ ಬಾಗಿಲುಗಳಿಗೆ ಕೊರತೆಯಿಲ್ಲ. ಕ್ರಿ. ಶ. ೫೪೩ರ ಬಾದಾಮಿಯ ಬಂಡೆಯ ಶಾಸನವು ಒಂದನೆಯ ಪುಲಕೇಶಿಯನ್ನು ಹಿರಣ್ಯಗರ್ಭದಿಂದ ಹುಟ್ಟಿದವನೆಂದು ಬಣ್ಣಿಸುತ್ತದೆ. ಹೊನ್ನಿನ ಪಾತ್ರೆಯೊಳಗೆ ಕುಳಿತು ಹೊರಬಂದ ಅರಸನಿಗೆ ಅದು ಹೊಸ ಜನ್ಮ. ಪಾತ್ರೆಯ ಹೊನ್ನು ಪುರೋಹಿತರಿಗೆ ದಾನ. ಐಹೊಳೆಯ ಐನೂರ್ವರು ದಕ್ಷಿಣಾಪಥದ ಉದ್ದಗಲಕ್ಕೂ ವ್ಯಾಪಾರ ನಡೆಸಿದರು. ಗದಗಿನ ಬಳಿಯ ಲಕ್ಕುಂಡಿಯ ಟಂಕಸಾಲೆಯ ಲೊಕ್ಕಿ ಗದ್ಯಾಣ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಇವನ್ನೆಲ್ಲ ನಾವು ತರಗತಿಯಲ್ಲಿ ಹೇಳುತ್ತೇವೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ಹೊನ್ನು ಬೊಕ್ಕಸಕ್ಕೆ ಬರುವ ಮುಂಚೆ ಮಣ್ಣಿನಲ್ಲಿತ್ತಷ್ಟೆ? ಅದನ್ನು ಮಣ್ಣಿನಿಂದ ಬೇರ್ಪಡಿಸಿದ ಕೈ ಯಾವುದು, ಆ ಕೈಯಲ್ಲಿದ್ದ ಪಾತ್ರೆ ಎಂಥದು ಎಂದು ನಾವು ಕೇಳುವುದಿಲ್ಲ, ವಿದ್ಯಾರ್ಥಿಗಳೂ ಕೇಳುವುದಿಲ್ಲ. ಆ ಪಾತ್ರೆಯೇ ಈ ಲೇಖನದ ವಸ್ತು.

ನಾನು ಕನ್ನಡದ ಅಧ್ಯಾಪಕನಾದುದರಿಂದ ಮೊದಲು ಮಾತಿನ ಕಡೆಗೇ ಬರುತ್ತೇನೆ. ಅಕ್ಕಿಯಲ್ಲಿ ಕಲ್ಲಿದ್ದರೆ ನಮ್ಮ ಹೆಣ್ಣುಮಕ್ಕಳು ಅದನ್ನು ನೀರಿನಲ್ಲಿ ಜಾಲಿಸುತ್ತಾರೆ. ಪಾತ್ರೆಯನ್ನು ಓಲಾಡಿಸಿದಂತೆಲ್ಲ ಹಗುರಾದ ಅಕ್ಕಿ ನೀರಿನೊಡನೆ ಇನ್ನೊಂದು ಪಾತ್ರೆಗೆ ಜಾರುತ್ತದೆ. ಭಾರವಾದ ಕಲ್ಲು ತಳದಲ್ಲಿ ಉಳಿಯುತ್ತದೆ. ಹೊಳೆಯ ಮರಳಿನಿಂದ ಚಿನ್ನ ತೆಗೆಯುವ ವಿದ್ಯೆಯೂ ಇದೇ, ಆದರೆ ತಲೆಕೆಳಗು. ಅಡಿಗೆಮನೆಯಲ್ಲಿ ಮೇಲೆ ತೇಲಿದ್ದು ಬೇಕು, ತಳದ್ದು ಬೇಡ. ಹಳ್ಳದ ದಂಡೆಯಲ್ಲಿ ಮೇಲಿನದು ಬೇಡ, ತಳದ್ದೇ ಬೇಕು. ಹೀಗೆ ಮರಳನ್ನು ಜಾಲಿಸಿ ಚಿನ್ನ ತೆಗೆಯುತ್ತಿದ್ದವನೇ ಜಾಲಗಾರ. ಅಕ್ಕಸಾಲಿಗರ ಅಂಗಡಿಯ ಕಸವನ್ನೂ ಮುಂದಿನ ಗಟಾರದ ಕೆಸರನ್ನೂ ತೊಳೆದು ಚೂರು ಚಿನ್ನ ಹೆಕ್ಕುತ್ತಿದ್ದವನೂ ಅವನೇ. ಹಳೆಯ ಮೈಸೂರಿನ ಕಡೆ ಜಲಗಾರನೆಂದರೆ ಬೀದಿ ಗುಡಿಸುವವನು. ಕುವೆಂಪು ಅವರ ೧೯೨೮ರ ‘ಜಲಗಾರ’ ನಾಟಕದ ನಾಯಕ ಅಂಥವನು. ಚಿನ್ನ ಹುಡುಕುವವನ ಹೆಸರು ಕಸ ಗುಡಿಸುವವನ ಹೆಸರಿಗೆ ಇಷ್ಟು ಹತ್ತಿರ ನಿಂತಿರುವುದರಲ್ಲಿ ಒಂದು ಸಮಾಜದ ಚರಿತ್ರೆಯೇ ಅಡಗಿದೆ.

ಈ ಕಸಬು ಬಹಳ ಹಳೆಯದು. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಶಾಲೆ’ ಎಂಬ ಹೊನ್ನಗೆಲಸದ ಮನೆಯ ವರ್ಣನೆಯಿದೆ. ನಮ್ಮ ‘ಅಕ್ಕಸಾಲೆ’ಯ ಮೂಲ ಆ ಮಾತೇ. ಅಲ್ಲಿ ಕುಸುರಿಗೆಲಸದವರ ಸಾಲಿನಲ್ಲಿ, ತಿದಿ ಊದುವವರ ಜೊತೆಗೆ, ಧೂಳು ತೊಳೆಯುವವರನ್ನೂ ಹೇಳಿದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವರ ಬಟ್ಟೆ, ಕೈ, ಮೈಯನ್ನೆಲ್ಲ ತಡಕಿ ನೋಡಬೇಕೆಂದು ಕಟ್ಟಳೆ. ಧೂಳು ತೊಳೆಯುವವನು ಚರಿತ್ರೆಯೊಳಗೆ ಕಾಲಿಡುವುದೇ ಹೀಗೆ, ಸಂಶಯಕ್ಕೆ ಪಾತ್ರನಾಗಿ.

ನಮ್ಮ ಬಾಗಲಕೋಟೆ ಜಿಲ್ಲೆಯ ನೆಲೆಯನ್ನು ಸ್ವಲ್ಪ ನೋಡೋಣ. ಇಳಕಲ್ಲಿನಿಂದ ಪೂರ್ವಕ್ಕೆ ನಡೆದರೆ ರಾಯಚೂರು ಜಿಲ್ಲೆಯ ಮಸ್ಕಿ, ಹಟ್ಟಿಗಳ ಚಿನ್ನದ ನಾಡು. ಬಾದಾಮಿಯಿಂದ ದಕ್ಷಿಣಕ್ಕೆ ಇಳಿದರೆ ಗದಗು, ಅದರ ಆಚೆಗೆ ಕಪ್ಪತಗುಡ್ಡ. ಈ ಎರಡು ಚಿನ್ನದ ಸೀಮೆಗಳ ನಡುವೆ ನಾವಿದ್ದೇವೆ. ಬಾದಾಮಿಯ ಕೆಂಪು ಮರಳುಗಲ್ಲು ಶಿಲ್ಪಿಗೆ ಒಲಿದ ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟು ದೇಶವಿದೇಶಗಳಲ್ಲಿ ಹೆಸರಾದುದು. ಎರಡರಲ್ಲಿಯೂ ಚಿನ್ನ ಹುಡುಕುವುದು ವ್ಯರ್ಥ. ಚಿನ್ನ ಕೂಡುವುದು ಇವೆರಡಕ್ಕಿಂತ ಬೇರೆಯಾದ, ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುವ ಹಳೆಯ ಪದರಗಲ್ಲಿನಲ್ಲಿ, ಅದನ್ನು ಸೀಳಿಕೊಂಡು ಹೋದ ಬೆಣಚುಕಲ್ಲಿನ ಎಳೆಗಳಲ್ಲಿ. ಅಂಥ ಒಂದು ಪಟ್ಟಿ ಹುನಗುಂದದಿಂದ ಕುಷ್ಟಗಿಯ ಕಡೆಗೆ ಹಾದುಹೋಗುತ್ತದೆ. ಮಳೆಗೆ ಬೆಣಚುಕಲ್ಲು ಒಡೆದು ಹಳ್ಳಕ್ಕೆ ಸೇರಿದಾಗ ಚಿನ್ನದ ಕಣವೂ ಜೊತೆಗೆ ಬರುತ್ತದೆ. ಜಾಲಗಾರನ ಕೆಲಸ ಅಲ್ಲಿಂದ ಆರಂಭ.

ಇನ್ನು ಪಾತ್ರೆಯ ಮಾತು. ನಮ್ಮ ನಾಡಿನ ಜಾಲಗಾರನ ಪಾತ್ರೆ ಮರದ್ದು. ಒಂದೇ ಹಲಗೆಯನ್ನು ಕೊರೆದು, ಅಂಚಿನಿಂದ ನಡುವಿಗೆ ನಸುವಾಗಿ ಇಳಿಯುವಂತೆ ಮಾಡಿದ ಮರಿಗೆ. ಮಲಬಾರಿನ ನಿಲಂಬೂರಿನ ಕಡೆ, ವಯನಾಡಿನ ಕಾಡುಗಳಲ್ಲಿ ಚಿನ್ನ ತೊಳೆಯುತ್ತಿದ್ದವರ ಮರದ ತಟ್ಟೆಗೂ ‘ಮರಿಯ’ ಎಂಬ ಹೆಸರೇ ಇದ್ದುದು ಹಳೆಯ ಗಣಿ ವರದಿಗಳಿಂದ ತಿಳಿಯುತ್ತದೆ. ಅದು ನಮ್ಮ ಮರಿಗೆಯ ಒಡಹುಟ್ಟು ಎನ್ನಲು ಅಡ್ಡಿಯಿಲ್ಲ. ದಕ್ಷಿಣ ಅಮೆರಿಕದಲ್ಲಿ ‘ಬತೆಯಾ’ ಎಂಬ ಮರದ ತಟ್ಟೆ ಇದೇ ಬಗೆಯದು. ೧೮೪೮ರಲ್ಲಿ ಕ್ಯಾಲಿಫೋರ್ನಿಯದ ಹೊಳೆಗಳಲ್ಲಿ ಚಿನ್ನ ಕಾಣಿಸಿ ಲೋಕದ ಜನವೆಲ್ಲ ಅತ್ತ ನುಗ್ಗಿದಾಗ ಕಬ್ಬಿಣದ ತಟ್ಟೆ ಬಳಕೆಗೆ ಬಂದಿತು. ಈಗ ಪ್ಲಾಸ್ಟಿಕ್ಕಿನವು ಬಂದಿವೆ. ಒಂದು ಮಗ್ಗುಲಿಗೆ ಮೆಟ್ಟಿಲಿನಂತೆ ಗೆರೆ ಕೊರೆದಿರುತ್ತಾರೆ, ಕಣಗಳು ಜಾರಿದರೆ ಅಲ್ಲಿ ತಡೆದು ನಿಲ್ಲುತ್ತವೆ.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಒಂದೊಂದಕ್ಕೂ ಅದರದರ ಗುಣವಿದೆ. ಮರದ ಪಾತ್ರೆಯ ಮೈ ಕೊಂಚ ಒರಟು. ಅದರ ಎಳೆಗಳಲ್ಲಿ ಹಿಟ್ಟಿನಂಥ ಕಣವೂ ಸಿಕ್ಕಿಕೊಳ್ಳುತ್ತದೆ, ಕಪ್ಪುಮರವಾದರೆ ಹಳದಿ ಎದ್ದು ಕಾಣುತ್ತದೆ. ಆದರೆ ಬಳಸುವ ಮೊದಲು ಅದನ್ನು ನೀರಿನಲ್ಲಿ ನೆನೆಹಾಕಬೇಕು, ಬಿಸಿಲಿಗೆ ಬಿಟ್ಟರೆ ಬಿರಿಯುತ್ತದೆ. ಕಬ್ಬಿಣದ್ದು ಗಟ್ಟಿ, ಕುಟ್ಟಿದರೂ ಕಾಸಿದರೂ ತಾಳುತ್ತದೆ. ಹೊಸತಾಗಿದ್ದರೆ ಬೆಂಕಿಗೆ ಹಿಡಿದು ಎಣ್ಣೆಯ ಜಿಡ್ಡನ್ನೆಲ್ಲ ಸುಡಬೇಕು. ಜಿಡ್ಡು ಉಳಿದರೆ ಸಣ್ಣ ಚಿನ್ನ ಮುಳುಗದೆ ನೀರಿನ ಮೇಲೆ ತೇಲಿ ಹೊರಟೇಹೋಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಅಯಸ್ಕಾಂತ ಆಡಿಸಲಾಗದೆಂಬುದು ಅದರ ಇನ್ನೊಂದು ಕೊರತೆ. ಪ್ಲಾಸ್ಟಿಕ್ಕಿನದು ಹಗುರ, ತುಕ್ಕು ಹಿಡಿಯದು, ಅಯಸ್ಕಾಂತಕ್ಕೆ ಅಡ್ಡಬಾರದು. ಆದರೆ ಬೆಂಕಿಯ ಹತ್ತಿರ ತರುವಂತಿಲ್ಲ. ಅಳತೆಯ ವಿಷಯದಲ್ಲಿ ಆಸೆ ಬೇಡ. ಬಾಯಿಯ ಅಗಲ ೩೫ ಸೆಂಟಿಮೀಟರಿನಷ್ಟಿದ್ದರೆ ದಿನವಿಡೀ ಹಿಡಿಯಬಹುದು. ಹೆಚ್ಚು ದೊಡ್ಡದನ್ನು ಹಸಿ ಮರಳಿನಿಂದ ತುಂಬಿದರೆ ಒಂದು ತಾಸಿಗೇ ಮಣಿಕಟ್ಟು ಸೋಲುತ್ತದೆ. ದಣಿದ ಕೈ ಅವಸರ ಮಾಡುತ್ತದೆ, ಅವಸರದ ಕೈಯಿಂದ ಚಿನ್ನ ಜಾರುತ್ತದೆ. ಪಾತ್ರೆ ಕೈಗೆ ತಕ್ಕುದಾಗಿರಬೇಕೇ ಹೊರತು ಆಸೆಗೆ ತಕ್ಕುದಾಗಿರಬಾರದು.

ಈ ಪಾತ್ರೆಗಳೆಲ್ಲ ನಂಬಿರುವುದು ಒಂದೇ ಒಂದು ಸಂಗತಿಯನ್ನು: ಚಿನ್ನದ ತೂಕವನ್ನು. ನೀರಿನ ತೂಕ ಒಂದಾದರೆ ಅದೇ ಗಾತ್ರದ ಬೆಣಚುಕಲ್ಲು ೨.೬೫, ಕಬ್ಬಿಣದ ಕರಿಮರಳು ಸುಮಾರು ೫, ಅಪ್ಪಟ ಚಿನ್ನ ೧೯.೩. ಗಾಳಿಯಲ್ಲಿ ತೂಗಿದರೆ ಚಿನ್ನ ಬೆಣಚುಕಲ್ಲಿನ ಏಳು ಪಟ್ಟು. ನೀರಿನೊಳಗೆ ಮುಳುಗಿದ ಒಂದೊಂದು ವಸ್ತುವೂ ತನ್ನ ಗಾತ್ರದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದಲ್ಲವೇ? ಆ ಲೆಕ್ಕ ಹಾಕಿದರೆ ನೀರಿನೊಳಗೆ ಚಿನ್ನ ಕಲ್ಲಿಗಿಂತ ಹನ್ನೊಂದು ಪಟ್ಟು ಭಾರ. ಜಾಲಗಾರ ನೀರಿನಲ್ಲಿ ಕೂತದ್ದು ಸುಮ್ಮನೆ ಅಲ್ಲ.

ಬಳಸುವ ಕ್ರಮ ಹೀಗೆ. ಮೊದಲು ಮಣ್ಣನ್ನು ಎಲ್ಲಿಂದ ತೆಗೆಯಬೇಕೆಂಬುದನ್ನು ಅರಿಯಬೇಕು. ನೀರು ಎಲ್ಲಿ ಬಳಲಿ ನಿಧಾನವಾಗುತ್ತದೋ ಅಲ್ಲಿ ಚಿನ್ನ ಇಳಿಯುತ್ತದೆ: ಹಳ್ಳದ ತಿರುವಿನ ಒಳಮಗ್ಗುಲು, ದೊಡ್ಡ ಗುಂಡಿನ ಕೆಳಗಡೆ, ತಳದ ಬಂಡೆಯ ಬಿರುಕು, ದಂಡೆಯ ಹುಲ್ಲಿನ ಬೇರು. ಮರಿಗೆಯ ಮುಕ್ಕಾಲು ಪಾಲು ತುಂಬಿ ನೀರಿನಲ್ಲಿ ಪೂರಾ ಮುಳುಗಿಸಬೇಕು. ಜೇಡಿಯ ಹೆಂಟೆಗಳನ್ನು ಬೆರಳಿನಿಂದ ಹಿಸುಕಿ ಕರಗಿಸಬೇಕು. ಕರಗದ ಹೆಂಟೆ ತನ್ನೊಡಲಲ್ಲಿ ಚಿನ್ನವನ್ನು ಹೊತ್ತುಕೊಂಡು ಹೋಗಿಬಿಡುತ್ತದೆ. ದೊಡ್ಡ ಹರಳುಗಳನ್ನು ತೊಳೆದು ಎಸೆಯಬೇಕು. ಬಳಿಕ ನೀರಿನೊಳಗೇ ಮರಿಗೆಯನ್ನು ಎಡಬಲಕ್ಕೆ ಬಿರುಸಾಗಿ ಅಲುಗಿಸಬೇಕು. ಹೊಸಬರು ತಪ್ಪುವುದು ಇಲ್ಲಿಯೇ. ಅವರು ಚೆಲ್ಲುವುದಕ್ಕೆ ಆತುರಪಡುತ್ತಾರೆ. ಮೊದಲು ಅಲುಗಿಸಬೇಕು, ಭಾರವಾದುದು ತಳಕ್ಕೆ ಇಳಿಯಲು ಬಿಡಬೇಕು. ಆ ಮೇಲೆ ಪಾತ್ರೆಯನ್ನು ಮುಂದಕ್ಕೆ ನಸು ಬಾಗಿಸಿ ನೀರು ಮೇಲಿನ ಪದರವನ್ನಷ್ಟೇ ಎತ್ತಿಕೊಂಡು ಹೋಗುವಂತೆ ಮಾಡಬೇಕು. ನಾಲ್ಕು ಸಲ ಚೆಲ್ಲಿದ ಮೇಲೆ ಮತ್ತೆ ಸಮ ಹಿಡಿದು ಅಲುಗಿಸಬೇಕು. ಅಲುಗಿಸುವುದು, ಬಾಗಿಸುವುದು, ಚೆಲ್ಲುವುದು. ಹೀಗೆ ಮಾಡುತ್ತ ಮಾಡುತ್ತ ಕೆಂಪು ಹೋಗುತ್ತದೆ, ಬಿಳುಪು ಹೋಗುತ್ತದೆ, ಕೊನೆಗೆ ಒಂದು ಚಮಚ ಕರಿಮರಳು ಉಳಿಯುತ್ತದೆ. ಅದರ ಮೇಲೆ ಹಿಡಿ ನೀರು ಹಾಕಿ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿದರೆ ಕರಿಮರಳು ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಚಿನ್ನವಿದ್ದರೆ ಎಲ್ಲಕ್ಕೂ ಹಿಂದೆ, ಹಳದಿ ಗೆರೆಯಾಗಿ, ಅಲುಗದೆ ಕೂತಿರುತ್ತದೆ.

ಹೊಳೆಯುವುದೆಲ್ಲ ಅದಲ್ಲ. ನಾವು ಕಾಗೆ ಬಂಗಾರ ಎನ್ನುವ ಅಭ್ರಕವು ಬಿಸಿಲಿಗೆ ಮಿರುಗುತ್ತದೆ, ಆದರೆ ಹಗುರ. ನೀರು ಬಾಗಿಸಿದೊಡನೆ ಓಡುತ್ತದೆ. ಮಾಕ್ಷಿಕ ಹಳದಿಯಾಗಿಯೂ ಇರುತ್ತದೆ, ಭಾರವಾಗಿಯೂ ಇರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಪುಡಿಯಾಗುತ್ತದೆ. ಚಿನ್ನ ಪುಡಿಯಾಗುವುದಿಲ್ಲ, ಚಪ್ಪಟೆಯಾಗುತ್ತದೆ. ನೆರಳಿನಲ್ಲಿ ಹಿಡಿದರೂ ಅದರ ಬಣ್ಣ ಕುಂದುವುದಿಲ್ಲ. ಕಣಗಳನ್ನು ಕೂಡಿಸಲು ಹಿಂದೆ ಪಾದರಸವನ್ನು ಬಳಸುತ್ತಿದ್ದರು. ಅದನ್ನು ಕಾಸಿದಾಗ ಏಳುವ ಆವಿ ಮೈಗೂ ನೀರಿಗೂ ವಿಷ. ೨೦೧೩ರ ಮಿನಾಮಾಟಾ ಒಪ್ಪಂದದಲ್ಲಿ ಲೋಕದ ರಾಷ್ಟ್ರಗಳು ಈ ಬಳಕೆಯನ್ನು ತಗ್ಗಿಸಲು ಕೈಜೋಡಿಸಿವೆ. ಹಳೆಯವರು ಮಾಡಿದರೆಂದು ನಾವು ಮಾಡಬೇಕಾದುದಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಇಬ್ಬರು ವಿದ್ಯಾರ್ಥಿಗಳೊಡನೆ ಅಮೀನಗಡ ಹುನಗುಂದಗಳ ನಡುವಣ ಒಂದು ಹಳ್ಳದಲ್ಲಿ ಈ ವಿದ್ಯೆಯನ್ನು ಕಣ್ಣಾರೆ ಕಾಣಲು ಕೂತೆ. ಚಿನ್ನ ಸಿಕ್ಕೀತೆಂಬ ಭ್ರಮೆಯಿರಲಿಲ್ಲ. ಸರಕಾರದ ಅಪ್ಪಣೆಯಿಲ್ಲದೆ ಖನಿಜ ಎತ್ತುವಂತೆಯೂ ಇಲ್ಲ. ಕೈಪಳಗಿಸಲು ಒಂದು ಉಪಾಯವಿದೆ. ಹತ್ತು ಸೀಸದ ಚೂರುಗಳನ್ನು ಎಣಿಸಿ ಮರಳಿನಲ್ಲಿ ಕಲಸಿ ಜಾಲಿಸಬೇಕು. ಸೀಸ ಚಿನ್ನಕ್ಕಿಂತ ಹಗುರ. ಸೀಸವನ್ನು ಉಳಿಸಿಕೊಂಡ ಕೈ ಚಿನ್ನವನ್ನು ಬಿಡಲಾರದು. ಮೊದಲ ಸಲ ಹುಡುಗರಿಗೆ ಆರು ಚೂರು ಉಳಿದವು, ಹೊತ್ತು ಇಳಿಯುವ ವೇಳೆಗೆ ಹತ್ತೂ ಉಳಿದವು. ತಳದಲ್ಲಿ ಕರಿಮರಳು ದಂಡಿಯಾಗಿ ಬಂದಿತು. ಆ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಅಯಸ್ಕಾಂತ ಹಿಡಿದರೆ ಮರಳು ಮೀಸೆಯಂತೆ ಎದ್ದು ನಿಂತಿತು. ಹಳದಿ ಗೆರೆ ಕಾಣಲಿಲ್ಲ. ಆದರೆ ಒಂದು ಮರಿಗೆ ಮಣ್ಣಿಗೆ ಎಷ್ಟು ಬೆನ್ನು ಬಾಗಬೇಕೆಂಬುದು ಮೂವರಿಗೂ ತಿಳಿಯಿತು. ಇದನ್ನು ಇಳಕಲ್ಲಿನ ಒಬ್ಬ ಮುದಿ ಪತ್ತಾರರಿಗೆ ಹೇಳಿದಾಗ ಅವರು ನಕ್ಕರು. “ಬಂಗಾರ ಎಲ್ಲಿಗೂ ಹೋಗಾಂಗಿಲ್ರೀ ಸರ, ತಳಕ್ಕ ಕುಂತಿರತೈತಿ. ಅವಸರ ಮಾಡಿದಾಂವಗ ಅಷ್ಟ ಕಾಣಾಂಗಿಲ್ಲ” ಎಂದರು.

ಅವಸರ ಮಾಡಿದವರ ಕಥೆಯೂ ನಮ್ಮ ನಾಡಿನ ಚರಿತ್ರೆಯಲ್ಲಿದೆ; ಅದಕ್ಕೆ ಹಿನ್ನೆಲೆಯಾಗಿ ಜಾಲಗಾರನ ಕಥೆಯೂ ಇದೆ. ೧೮೦೨ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ ಬಹುಮಾನ ಸಾರಿದ. ಊರಿಗಾಮಿನ ಜನ ಗಾಡಿಗಳಲ್ಲಿ ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ತೋರಿಸಿದರು. ಸುಮಾರು ೫೬ ಕಿಲೋ ಮಣ್ಣಿಗೆ ಒಂದು ಗ್ರೇನ್, ಎಂದರೆ ಅರ್ಧ ಗುಲಗಂಜಿಯಷ್ಟು ಚಿನ್ನ ಬಂದಿತು. ವಾರನ್ ೧೮೦೪ರಲ್ಲಿ ಅಚ್ಚುಹಾಕಿಸಿದ ವರದಿಯನ್ನು ೧೮೭೧ರಲ್ಲಿ ಓದಿದ ಮೈಕೇಲ್ ಲಾವೆಲ್ ಎಂಬ ಐರಿಷ್ ಸೈನಿಕ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದ, ೧೮೭೫ರಲ್ಲಿ ಪರವಾನಗಿ ಪಡೆದ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿ ಬಂದಿತು, ೨೦೦೧ರಲ್ಲಿ ಗಣಿ ಮುಚ್ಚಿತು. ವಾರನ್ನನ ಹೆಸರು, ಲಾವೆಲ್ಲನ ಹೆಸರು ಎಲ್ಲ ಪುಸ್ತಕಗಳಲ್ಲಿಯೂ ಇವೆ. ಗಾಡಿ ಹೊಡೆದುಕೊಂಡು ಬಂದು ಮಣ್ಣು ತೊಳೆದವರ ಹೆಸರು ಒಂದರಲ್ಲಿಯೂ ಇಲ್ಲ.

ಕಪ್ಪತಗುಡ್ಡದ ಕಥೆಯೂ ಅಂಥದೇ. ೧೯ನೆಯ ಶತಮಾನದ ಮೊದಲ ಅರ್ಧದಲ್ಲಿಯೇ ಕ್ಯಾಪ್ಟನ್ ನ್ಯೂಬೋಲ್ಡ್ ಈ ಗುಡ್ಡದ ಹಳ್ಳಗಳ ಚಿನ್ನವನ್ನು ಕುರಿತು ಬರೆದಿದ್ದ. ಮಲಪ್ರಭಾ ಘಟಪ್ರಭಾ ಕಣಿವೆಗಳನ್ನೂ ಶೋಧಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ೧೮೭೪ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಪ್ರಬಂಧ ಪ್ರಕಟಿಸಿದ. ಸೊರಟೂರಿನ ಹಳ್ಳ ಅಲ್ಲಿನ ಹಳ್ಳಗಳಲ್ಲೆಲ್ಲ ಹೆಸರುವಾಸಿ. ದೊಡ್ಡ ಮಳೆ ಬಂದು ಹೋದ ಮೇಲೆ ಜಾಲಗಾರರು ಅಲ್ಲಿಗೆ ಬರುತ್ತಿದ್ದರು. ಪ್ರವಾಹ ಹೊಸ ಮರಳನ್ನು ತಂದು ಹಾಸಿರುತ್ತಿತ್ತು. ಯಾವ ಹಳ್ಳ, ಯಾವ ತಿರುವು, ಯಾವ ಹೊತ್ತು ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಸಾಹೇಬರು ಬಂದದ್ದು ಆ ಮರಿಗೆಯ ಜಾಡು ಹಿಡಿದು.

ಆದರೆ ಮರಿಗೆ ಹೇಳಿದ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಚಿನ್ನವಿದೆ ಎಂದು ಅದು ಹೇಳುತ್ತಿತ್ತು. ಎಷ್ಟು ಕೊಂಚ ಇದೆ ಎಂದೂ ಹೇಳುತ್ತಿತ್ತು. ಜಾಲಗಾರರು ಆ ಹಳ್ಳಗಳಿಂದ ಸಿರಿವಂತರಾಗಲಿಲ್ಲವೆಂಬುದೇ ದೊಡ್ಡ ಸಾಕ್ಷಿಯಲ್ಲವೇ? ೧೮೮೦ರ ಆಸುಪಾಸಿನಲ್ಲಿ ವಯನಾಡಿನ ಚಿನ್ನದ ಹೆಸರಿನಲ್ಲಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿದವು. ಪಾಲು ಕೊಂಡವರ ಹಣ ಕಾಡಿನಲ್ಲಿ ಕರಗಿತು. ೨೦ನೆಯ ಶತಮಾನದ ಆರಂಭದಲ್ಲಿ ಗದಗಿನ ಸುತ್ತ ಗಣಿ ತೋಡಿದ ಕಂಪನಿಗಳೂ ಹೆಚ್ಚು ಕಾಲ ನಿಲ್ಲಲಿಲ್ಲ. ಕಪ್ಪತಗುಡ್ಡ ೨೦೧೯ರಲ್ಲಿ ವನ್ಯಜೀವಿಧಾಮವಾಯಿತು.

ಹಟ್ಟಿಯ ಮಾತು ಬೇರೆ. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರು ೬೪೦ ಅಡಿಯ ಆಳದವರೆಗೆ ಬಂಡೆಯನ್ನು ಬೆಂಕಿಯಿಂದ ಸುಟ್ಟು ಒಡೆದು ಇಳಿದಿದ್ದರು. ಮೇಲೆ ತಂದ ಅದಿರನ್ನು ಕಲ್ಲಿನ ಕುಳಿಗಳಲ್ಲಿ ಅರೆದು ಹಿಟ್ಟುಮಾಡಿ ಕೊನೆಗೆ ನೀರಿನಲ್ಲಿ ಜಾಲಿಸಿಯೇ ಚಿನ್ನ ತೆಗೆಯಬೇಕಾಗಿತ್ತು. ಎಷ್ಟೇ ಆಳದ ಗಣಿಯಾದರೂ ಕೊನೆಯ ಹೆಜ್ಜೆ ಮರಿಗೆಯದೇ. ನಿಜಾಮರ ಕಾಲದಲ್ಲಿ ನಡೆದ ಕಂಪನಿಯ ಗಣಿ ೧೯೨೦ರ ಹೊತ್ತಿಗೆ ನಿಂತುಹೋಗಿ, ೧೯೪೭ರ ತರುವಾಯ ಮತ್ತೆ ಜೀವ ಪಡೆದು, ಕರ್ನಾಟಕ ಸರಕಾರದ ಕಂಪನಿಯಾಗಿ ಇಂದಿಗೂ ನಡೆದಿದೆ. ಚಿನ್ನ ಹುಡುಕಲು ಬಂದವರಿಗೆ ಚಿನ್ನಕ್ಕಿಂತ ಹೆಚ್ಚಿನದು ದೊರೆತದ್ದೂ ಈ ಸೀಮೆಯಲ್ಲಿಯೇ. ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಶಾಸನವೊಂದನ್ನು ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯನೆಂದು ಮಾತ್ರ ಶಾಸನಗಳಲ್ಲಿ ಕಾಣುತ್ತಿದ್ದ ಚಕ್ರವರ್ತಿಯ ಹೆಸರು ಅಶೋಕನೆಂದು ಆ ಬಂಡೆ ಮೊದಲ ಬಾರಿಗೆ ಹೇಳಿತು. ಅಶೋಕನ ದಕ್ಷಿಣದ ರಾಜಧಾನಿಯ ಹೆಸರು ಸುವರ್ಣಗಿರಿ. ಅದನ್ನು ಈ ಸೀಮೆಯಲ್ಲಿಯೇ ಹುಡುಕಿದ ವಿದ್ವಾಂಸರು ಹಲವರು.

ಹಟ್ಟಿಯಿರುವ ಲಿಂಗಸೂಗೂರು ತಾಲೂಕಿನದೇ ಅಮರೇಶ್ವರ, ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಊರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಯೇ ಸುರಿದು ಬಾ ಎಂದಳು ಲಕ್ಕಮ್ಮ. ಚಿನ್ನದ ನೆಲದಿಂದ ಬಂದ ದಂಪತಿಗಳು ಲೋಕಕ್ಕೆ ಕಲಿಸಿದ್ದು ಸಾಕು ಎಂಬ ಮಾತನ್ನು. ಆಯುವವರ ಕಾಯಕಕ್ಕೆ ಶರಣರು ಕೊಟ್ಟ ಗೌರವವನ್ನು ಚರಿತ್ರೆಕಾರರು ಜಾಲಿಸುವವರಿಗೆ ಕೊಡಲಿಲ್ಲ.

ಇಂದು ಹಳ್ಳಗಳಲ್ಲಿ ಜಾಲಗಾರರಿಲ್ಲ. ಮರಳು ಲಾರಿಯ ಸರಕಾಗಿದೆ. ಹಳೆಯ ಬಾಗಲಕೋಟೆಯ ಎಷ್ಟೋ ಭಾಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಸರಾಫ ಗಲ್ಲಿಗಳಲ್ಲಿ ನಸುಕಿನಲ್ಲೇ ಬಂದು ಪತ್ತಾರರ ಅಂಗಡಿಯ ಮುಂದಿನ ಧೂಳು ಗುಡಿಸಿ ಒಯ್ಯುವವರನ್ನು ಮಾತ್ರ ಈಗಲೂ ಕಂಡಿದ್ದೇನೆ. ಅಂಗಡಿ ತೆರೆಯುವ ಹೊತ್ತಿಗೆ ಅವರು ಅಲ್ಲಿರುವುದಿಲ್ಲ.

ಶಾಸನ ಓದುವುದೂ ಒಂದು ಬಗೆಯ ಜಾಲಿಸುವಿಕೆಯೇ. ಬಿರುದು ಬಾವಲಿಗಳು, ಹೊಗಳಿಕೆಗಳು ನೀರಿನೊಡನೆ ಹರಿದು ಹೋಗಬೇಕು. ಭಾರವುಳ್ಳದ್ದು ತಳದಲ್ಲಿ ನಿಲ್ಲಬೇಕು. ಹಾಗೆ ಜಾಲಿಸಿದಾಗ ಬಾದಾಮಿಯ ಬಂಡೆಯ ಆ ಹಿರಣ್ಯಗರ್ಭದ ಮಾತಿನ ತಳದಲ್ಲಿ ನನಗೆ ಎರಡು ಪಾತ್ರೆಗಳು ಕಾಣುತ್ತವೆ. ಒಂದು ಹೊನ್ನಿನದು, ಅದರಿಂದ ಅರಸ ಹುಟ್ಟಿದ. ಇನ್ನೊಂದು ಮರದ್ದು, ಅದರಿಂದ ಹೊನ್ನು ಹುಟ್ಟಿತು. ಮೊದಲನೆಯದಕ್ಕೆ ಶಾಸನವಿದೆ, ಎರಡನೆಯದಕ್ಕೆ ಒಂದು ಕ್ರಿಯಾಪದ ಉಳಿದಿದೆ. ನಮ್ಮ ಮನೆಗಳಲ್ಲಿ ಅಕ್ಕಿ ತೊಳೆಯುವಾಗಲೆಲ್ಲ ಆ ಕ್ರಿಯಾಪದವನ್ನು ಆಡುತ್ತೇವೆ. ಅದನ್ನು ಪಾಠದಲ್ಲಿಯೂ ಒಮ್ಮೆ ಆಡಿದರೆ ಹೊನ್ನಿನ ಚರಿತ್ರೆ ಕೊಂಚ ಪೂರ್ತಿಯಾದೀತು.